ಅರ್ಧ ಗೂಬೆ ಹೊಕ್ಕ ಮನೆ

ನಮ್ಮಜ್ಜಿಯ ಕೈಗೆ ಯಾರ ಫೋಟೋ ಕೊಟ್ಟರೂ ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡುತ್ತಾಳೆ. ಅಲ್ಲಿ ಬರೀ ಬಿಳಿ ಕಾಗದ ಕಂಡಾಗ "ಮಿಕ್ಕಿದ್ದು ಎಲ್ಲೈತೆ?" ಅನ್ನುತ್ತಾಳೆ. ಮಿಕ್ಕಿದ್ದೆಂದರೆ ಆ ಮನುಷ್ಯನ ಬೆನ್ನು, ಜುಟ್ಟು, ಹಿಮ್ಮಡಿ. ಅವು ಫೋಟೋದಲ್ಲಿ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಸಮಾಧಾನವಿಲ್ಲ. ಅರ್ಧ ಮನುಷ್ಯನನ್ನು ಗೋಡೆಗೆ ನೇತುಹಾಕುವುದೆಂದರೆ ಅವಳಿಗೆ ಭಯ.

ಭಯ ಅವಳೊಬ್ಬಳದೇ ಅಲ್ಲ. ಬೆಂಗಳೂರಿನ ಸೋದರಮಾವ ತನ್ನ ಹಳೇ ಡಬ್ಬಿ ಕ್ಯಾಮೆರಾ ನನಗೆ ಕೊಟ್ಟುಹೋದಾಗಿನಿಂದ, ನಾನು ಹಕ್ಕಿಯ ಹಿಂದೆ ಹೋದಲ್ಲೆಲ್ಲ ಯಾರಾದರೊಬ್ಬರು ಹೆದರುತ್ತಲೇ ಇದ್ದಾರೆ. ಎಲ್ಲರಿಗಿಂತ ಹೆಚ್ಚು ಹೆದರುವವಳು ನಾನು. ಹಿಂದೂಪುರದಲ್ಲಿ ಕಡಲೆಕಾಯಿ ಮಂಡಿ ನಡೆಸುವ ಅಪ್ಪ ಮೊದಲ ದಿನವೇ ಹೇಳಿಬಿಟ್ಟಿದ್ದರು: "ಹೆಣ್ಣುಮಗಳು ಡಬ್ಬಿ ಹಿಡ್ಕೊಂಡು ತಿರುಗೋದು ನಮ್ಮಲ್ಲಿಲ್ಲ ಕಣಮ್ಮ. ಮಾವ ಕೊಟ್ಟವ್ನೆ, ಇರ್ಲಿ. ನಿನ್ ಮ್ಯಾಲೆ ಒಂದೇ ಒಂದು ದೂರು ಬಂದ್ರೆ ಅದು ಕಬ್ಬಿಣದ ಬೀರು ಸೇರ್ತದೆ. ಆಮ್ಯಾಕೆ ಈಚೆಗೆ ಬರಾಕಿಲ್ಲ."

ಅಳದ ಸೊಸೆ

ನಮ್ಮ ಕಡೆ ಕ್ಯಾಮೆರಾ ಮನೆಗೆ ಬರುವುದು ಯಾರಾದರೂ ಸತ್ತಾಗ. ಬದುಕಿದ್ದಾಗ ತೆಗೆಸಿದರೆ ಆಯುಸ್ಸು ಕಮ್ಮಿ ಎಂದು, ಸತ್ತವರನ್ನು ಗೋಡೆಗೊರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಒಂದೇ ಒಂದು ತೆಗೆಸುತ್ತಾರೆ. ಇದು ನನಗೂ ಗೊತ್ತು. ಆ ಬೆಳಗ್ಗೆ ನೆನಪಾಗಲಿಲ್ಲ, ಅಷ್ಟೆ.

ಎದುರುಮನೆಯ ತಾತ ಜಗುಲಿಯ ಮೇಲೆ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗಿದ್ದರು. ಹಣೆತುಂಬ ವಿಭೂತಿ. ಅವರ ತಲೆಯ ಮೇಲೆ, ಸೂರಿನ ಸಂದಿಯಲ್ಲಿ, ಗುಬ್ಬಿಗೂಡು. ನಾನು ಬೀದಿಯಲ್ಲಿ ನಿಂತು, ಕ್ಯಾಮೆರಾ ಎದೆಗಾನಿಸಿ, ಅದರ ಕಿಂಡಿಯೊಳಗೆ ನೋಡಲು ತಲೆ ಬಗ್ಗಿಸಿದೆ. ನೀರಿಗೆ ಹೊರಟಿದ್ದ ಹೆಂಗಸೊಬ್ಬಳು ಒರಗಿದ ತಾತನನ್ನೂ ಕ್ಯಾಮೆರಾವನ್ನೂ ಬಗ್ಗಿದ ನನ್ನ ತಲೆಯನ್ನೂ ಒಟ್ಟಿಗೆ ನೋಡಿದಳು. ಬಿಂದಿಗೆ ಕೆಳಗಿಟ್ಟು "ಅಯ್ಯೋ ನಮ್ಮಪ್ಪಾ, ಹೋಗ್ಬುಟ್ಯಾ!" ಎಂದು ಬಾಯಿ ಬಡಿದುಕೊಂಡಳು. ಬೀದಿಗೆ ಬೀದಿಯೇ ಸೇರಿ ಅತ್ತಿತು.

ಗಲಾಟೆಗೆ ತಾತ ಕಣ್ಣುಬಿಟ್ಟರು. "ಯಾರಮ್ಮಾ ಹೋದದ್ದು?" ಎನ್ನುತ್ತ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮಣ್ಣಿಗೆ ಹೊರಡಲು ಎದ್ದೇಬಿಟ್ಟರು.

ನಾನು ಕ್ಯಾಮೆರಾವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದೆ. ಸಂಜೆ ತಾತ ನಮ್ಮನೆಗೆ ಬಂದು ಅಪ್ಪನ ಪಕ್ಕ ಕೂತರು. ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ. ತಾತ ದೂರಿದ್ದೇನೋ ನಿಜ.

"ಬೀದಿಯೋರೆಲ್ಲ ಅತ್ರು ಕಣಪ್ಪ. ನನ್ ಸೊಸೆ ಮಾತ್ರ ಒಳಗೆ ಮುದ್ದೆ ತಿರುವ್ತಾನೇ ಇದ್ಲು!"

ಕುಂಟೆಯ ದೊರೆಸಾನಿ

ಜನರ ಸಹವಾಸವೇ ಬೇಡವೆಂದು, ಕಲ್ಯಾಣದುರ್ಗದಲ್ಲಿರುವ ಅಪ್ಪನ ತಾಯಿ, ನಮ್ಮಜ್ಜಿಯ ಮನೆಗೆ ಹೋದಾಗ ಊರಾಚೆಯ ಕುಂಟೆಗೆ, ಅಂದರೆ ಸಣ್ಣ ಕೆರೆಗೆ, ಹೋದೆ. ಮಿಂಚುಳ್ಳಿ ಹತ್ತಿರ ಬರಲೆಂದು ಅಜ್ಜಿಯ ಕರಿಕಂಬಳಿ ಹೊದ್ದು, ಬಂಡೆಗಳ ನಡುವೆ ಬಂಡೆಯಂತೆ ಕೂತೆ. ಹಕ್ಕಿ ಬಂತು. ಹಕ್ಕಿಯ ಹಿಂದೆ ಕುರಿಗಳು ಬಂದವು. ಕುರಿಗಳ ಹಿಂದೆ ಕುರಿಕಾಯುವವನು ಬಂದ. ಬಂಡೆಯೊಂದು ಸೀನಿದ್ದು ಅವನಿಗೆ ಕೇಳಿಸಿತು.

"ಎವರದಿ?" ಯಾರದು ಎಂದು ತೆಲುಗಿನಲ್ಲಿ ಕೂಗಿದ.

ಗೊತ್ತಿಲ್ಲದ ಗಂಡಸಿಗೆ ನಾನು ಯಾವತ್ತೂ ಉತ್ತರ ಕೊಟ್ಟವಳಲ್ಲ. ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದೆ.

"ದೆಯ್ಯಮಾ, ಮನಿಷಾ? ಮನಿಷಿವೈತೇ ಮಾಟ್ಲಾಡು!" ದೆವ್ವವಾ, ಮನುಷ್ಯಳಾ, ಮನುಷ್ಯಳಾದರೆ ಮಾತಾಡು ಎನ್ನುತ್ತ ಕೋಲೆತ್ತಿದ.

ಮಾತಾಡಲೇಬೇಕಾಯಿತು. ಜೀವ ಬಾಯಿಗೆ ಬಂದಾಗ ನನಗೆ ಕನ್ನಡವೂ ಬರುವುದಿಲ್ಲ, ತೆಲುಗೂ ಬರುವುದಿಲ್ಲ. ಇಂಗ್ಲಿಷ್ ಸ್ಕೂಲಿನಲ್ಲಿ ದಿನಾ ಬೆಳಗ್ಗೆ ಹೇಳಿಸುತ್ತಿದ್ದ ಮಾತೊಂದೇ ಬರುತ್ತದೆ. ಕಂಬಳಿ ಸಮೇತ ಎದ್ದು ನಿಂತು "ಗುಡ್ ಮಾರ್ನಿಂಗ್, ಸರ್" ಎಂದೆ.

ಕುರಿಗಳು ಒಂದು ದಿಕ್ಕಿಗೆ ಓಡಿದವು, ಅವನು ಇನ್ನೊಂದು ದಿಕ್ಕಿಗೆ.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅದೇ ಸುದ್ದಿ: ಕುಂಟೆಯಲ್ಲಿ ದೊರೆಸಾನಿ ದೆವ್ವ ಸೇರಿಕೊಂಡಿದೆ, ದೊರೆಗಳು ದೇಶ ಬಿಟ್ಟು ಹೋಗುವಾಗ ಇದೊಂದನ್ನು ಮರೆತುಹೋಗಿದ್ದಾರೆ! ದೂರು ಕೊಡುವುದಾದರೂ ಯಾರ ಮೇಲೆ? ನಾನು ಬದುಕಿಕೊಂಡೆ. ಅಜ್ಜಿ ಮಾತ್ರ ನನ್ನ ಕೈಗೆ ಕರಿದಾರ ಕಟ್ಟಿದಳು.

"ಆ ಕಡೆ ಹೋಗಬ್ಯಾಡ ಕಣಮ್ಮ. ನೀನು ಇಂಗ್ಲೀಸು ಓದಿದೋಳು. ಅದಕ್ಕೂ ಮಾತಾಡಾಕೆ ಯಾರೂ ಇಲ್ಲ, ನಿನ್ನೇ ಹಿಡ್ಕೋತದೆ."

ಅರ್ಧ ಗೂಬೆ

ಹಿಂದೂಪುರದ ಸ್ಟುಡಿಯೋದವನು ನಾನು ತೆಗೆದ ಹಕ್ಕಿಗಳನ್ನೆಲ್ಲ "ಸಾಸಿವೆ ಕಾಳು" ಎನ್ನುತ್ತಿದ್ದ. ಒಂದು ಮಾತ್ರ ಚೆನ್ನಾಗಿ ಬಂದಿತ್ತು: ಪಾಳು ಗೋಡೆಯ ಕಿಂಡಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ ಗೂಬೆ. ಅವನಿಗೇ ಖುಷಿಯಾಗಿ ಅದನ್ನು ಅಂಗೈಗಿಂತ ದೊಡ್ಡದು ಮಾಡಿಕೊಟ್ಟ. ನಾನು ಬುದ್ಧಿಯಿಲ್ಲದೆ ಅದನ್ನು ಕಲ್ಯಾಣದುರ್ಗಕ್ಕೆ ತಂದು, ಒಳಕೋಣೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಅಜ್ಜಿಯ ಕೈಗೆ ಕೊಟ್ಟೆ.

ಎಂದಿನಂತೆ ಹಿಂಬದಿ ನೋಡಿದಳು. ಏನೂ ಇಲ್ಲ. ಮುಂದಕ್ಕೆ ತಿರುಗಿಸಿದಳು. ಎರಡು ದುಂಡು ಕಣ್ಣು.

"ಶಿವನೇ! ಗೂಬೆ ಮನೆ ಹೊಕ್ಬುಡ್ತು!" ಫೋಟೋ ಕೈಯಿಂದ ಜಾರಿ ಮುಖ ಮೇಲಾಗಿ ಬಿತ್ತು. ನಾನು ಎತ್ತಿಕೊಳ್ಳಹೋದರೆ "ಮುಟ್ಟಬ್ಯಾಡ! ಮದುವೆ ಆಗಬೇಕಾದ ಕೈ!" ಎಂದು ಜಡೆ ಹಿಡಿದು ಹೊರಗೆಳೆದಳು.

ಗೂಬೆ ಹೊಕ್ಕ ಮನೆಯನ್ನು ಮೂರು ತಿಂಗಳು ಬಿಡಬೇಕು. ಅಜ್ಜಿ ಚಾಪೆ, ಕೊಡ, ಎಲೆಯಡಿಕೆ ಚೀಲ ಹೊತ್ತು ಬೇವಿನ ಮರದ ಕೆಳಗೆ ಕೂತಳು. ಗುಡಿಯ ಅಯ್ಯನೋರನ್ನು ಕರೆಸಿದಳು. ಅವರು ಒಳಕೋಣೆಯ ಹೊಸಿಲಾಚೆಯೇ ನಿಂತು, ಕತ್ತು ಮಾತ್ರ ಚಾಚಿ, ಬಹಳ ಹೊತ್ತು ನೋಡಿದರು.

"ಹಿಂದ್ಗಡೆ ಏನೈತಮ್ಮ?"

"ಏನೂ ಇಲ್ಲ ಅಯ್ಯನೋರೇ. ನಾನೇ ತಿರುಗಿಸಿ ನೋಡ್ದೆ. ರೆಕ್ಕೆ ಇಲ್ಲ, ಪುಕ್ಕ ಇಲ್ಲ, ಬರೀ ಬಿಳುಪು."

ಅಯ್ಯನೋರು ನಿಟ್ಟುಸಿರುಬಿಟ್ಟರು. "ಹಂಗಾದ್ರೆ ಬಂದಿರೋದು ಅರ್ಧ ಗೂಬೆ. ಅರ್ಧ ಮನೆ ಬಿಟ್ರೆ ಸಾಕು."

ಒಳಕೋಣೆ ಗೂಬೆಗಾಯಿತು. ಪಡಸಾಲೆ, ಅಡುಗೆಮನೆ ನಮಗೆ.

ಇಂಥ ಸುದ್ದಿ ನಿಲ್ಲುತ್ತದೆಯೇ? ಬಸ್ಸು ಹತ್ತಿ ಹಿಂದೂಪುರ ಸೇರಿತು. ಮರುದಿನದ ಬಸ್ಸಿಗೆ ಅಪ್ಪ ಬಂದಿಳಿದರು. ಬೀದಿ ತಿರುವಿನಲ್ಲಿ ಅವರ ರುಮಾಲು ಕಂಡದ್ದೇ ನಾನು ಕ್ಯಾಮೆರಾ ಅವುಚಿಕೊಂಡೆ. ಅಜ್ಜಿ ನನ್ನ ಮುಖ ನೋಡಿದಳು, ತೊಡೆಯ ಮೇಲಿದ್ದ ಕ್ಯಾಮೆರಾ ನೋಡಿದಳು. ಅದನ್ನು ಕಿತ್ತುಕೊಂಡು ಒಳಕೋಣೆಯ ಹೊಸಿಲ ಮೇಲಿಟ್ಟಳು. ಕಣ್ಣು ಮುಚ್ಚಿ, ಒನಕೆಯ ತುದಿಯಿಂದ ಗೂಬೆಯ ಪಕ್ಕಕ್ಕೆ ತಳ್ಳಿದಳು.

"ಎಲ್ಲಿ ಆ ಡಬ್ಬಿ?" ಎಂದರು ಅಪ್ಪ, ಚಪ್ಪಲಿ ಬಿಡುವ ಮೊದಲೇ. "ಬೀರುಗೆ ಹಾಕ್ತೀನಿ ಅಂದಿದ್ದೆ, ಹಾಕ್ತೀನಿ."

"ಒಳಗೈತೆ ಕಣಪ್ಪ," ಅಂದಳು ಅಜ್ಜಿ. "ಗೂಬೆ ತಾವ. ಹೋಗಿ ತಗೋ."

ಮಂಡಿಯಲ್ಲಿ ಯಾರಿಗೂ ಜಗ್ಗದ ಅಪ್ಪ ದಾಪುಗಾಲು ಹಾಕಿ ಒಳಕೋಣೆಯ ಹೊಸಿಲವರೆಗೆ ಹೋದರು. ಒಂದು ಕಾಲು ಮೇಲೆತ್ತಿದರು. ಒಳಗಿನಿಂದ ಎರಡು ದುಂಡು ಕಣ್ಣು ನೋಡಿದವು. ಕಾಲು ಎಲ್ಲಿಂದ ಎದ್ದಿತ್ತೋ ಅಲ್ಲಿಗೇ ಇಳಿಯಿತು.

"ನೀನೇ ಹೋಗಿ ತಾಮ್ಮ," ಎಂದರು ನನಗೆ.

"ಮದುವೆ ಆಗದ ಹುಡುಗೀನ ಒಳಗೆ ಬುಡ್ತೀಯೇನೋ? ನೀನೂ ಒಬ್ಬ ಅಪ್ಪನಾ?" ಅಜ್ಜಿ ಗದರಿದಳು.

ಅಪ್ಪ ಬೆವರು ಒರೆಸಿಕೊಂಡರು. ಗೂಬೆಯನ್ನು ವಿಚಾರಿಸಲು ಮತ್ತೆ ಬಂದು ಪಡಸಾಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಅಯ್ಯನೋರ ಕಡೆ ತಿರುಗಿ, ಎಂದೂ ಇಲ್ಲದ ವಿನಯದಿಂದ ಕೈ ಮುಗಿದರು.

"ಅಯ್ಯನೋರೇ, ಅರ್ಧ ಗೂಬೆ ಅಂತ ನೀವೇ ಹೇಳಿದ್ದೀರಿ. ಒಸಿ ಒಳಗೆ ಹೋಗಿ ಆ ಡಬ್ಬಿ ತಂದ್ಕೊಡ್ತೀರಾ?"

ಅಯ್ಯನೋರು ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತುಬಿಟ್ಟರು.