ಹಗಲು ಪತಂಗವೂ ಅತ್ತೆ ಬಿಟ್ಟ ಹೂವೂ

ಅತ್ತೆ-ಸೊಸೆ ಜಗಳಕ್ಕೆ ಎಲ್ಲರ ಮನೆಯಲ್ಲೂ ಒಂದು ಗೌರವಯುತ ಕಾರಣವಿರುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತು, ತವರಿನವರು ಬಂದು ಎಂಟು ದಿನ ಕೂತರು, ಹೀಗೆ. ನಮ್ಮ ಮನೆಯಲ್ಲಿ ಮಾತ್ರ ಹೆಬ್ಬೆರಳ ಗಾತ್ರದ ಒಂದು ಹುಳಕ್ಕಾಗಿ ಜಗಳವಾಯಿತು ಎನ್ನಲು ನಾಚಿಕೆಯಾಗುತ್ತದೆ. ಹೇಳದೆ ಇರಲೂ ಆಗುತ್ತಿಲ್ಲ, ಏಕೆಂದರೆ ಕೊನೆಗೆ ಗೆದ್ದದ್ದು ನಾನು.

ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಒಂದು ಭಾನುವಾರ ಬಟ್ಟೆ ಒಣಹಾಕುವಾಗ ಅಂಗಳದ ಸದಾಪುಷ್ಪದ ಗಿಡದ ಮುಂದೆ ಏನೋ ಗುಂಯ್ ಎಂದಿತು. ಹಸಿರು ಮೈ, ನಡುವಿಗೆ ಕೆಂಪು ಪಟ್ಟಿ, ಗಾಜಿನಂಥ ರೆಕ್ಕೆ. ಹೂವಿನ ಮೇಲೆ ಕೂರದೆ ಗಾಳಿಯಲ್ಲೇ ನಿಂತು, ಉದ್ದ ನಾಲಿಗೆ ಚಾಚಿ ಮಕರಂದ ಹೀರಿ, ಕಣ್ಣು ಮಿಟುಕಿಸುವುದರೊಳಗೆ ಮಾಯವಾಯಿತು. ಕೀಟಗಳ ಪುಸ್ತಕ ತಿರುವಿದೆ. ಹಗಲಲ್ಲಿ ಹಾರುವ ಗಿಡುಗ ಪತಂಗ! ಮರುದಿನ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿದೆ. ವಿಜ್ಞಾನದ ಬಿರಾದಾರ ಮಾಸ್ತರು ಚಹಾದ ಕಪ್ಪು ಕೆಳಗಿಟ್ಟು, "ಮೇಡಮ್ಮರ, ಪತಂಗ ರಾತ್ರಿ ಹಾರ್ತಾವ್ರಿ. ನೀವು ನೋಡಿದ್ದು ದುಂಬಿ" ಎಂದರು. ಅಷ್ಟಕ್ಕೇ ಬಿಡದೆ ಒಂಬತ್ತನೇ ತರಗತಿಯಲ್ಲೂ ಹೇಳಿದರು. ಆ ಮಧ್ಯಾಹ್ನ ನಾನು ಪ್ರಮೇಯ ಸಾಧಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ 'ಗುಂಯ್' ಎಂದು ಸದ್ದು ಬಂತು. ಇಡೀ ತರಗತಿ ನಕ್ಕಿತು. ಇಪ್ಪತ್ತು ವರ್ಷ ಹೆದರಿಸಿ ಗಳಿಸಿದ ಮರ್ಯಾದೆ ಹೀಗೆ ಹೋಯಿತು. ಇನ್ನು ಫೋಟೋ ತೆಗೆಯದೆ ಗತಿಯಿರಲಿಲ್ಲ.

ತಮ್ಮನ ಹಳೆಯ ಕ್ಯಾಮರಾ ಇಸಿದುಕೊಂಡು ಮುಂದಿನ ಭಾನುವಾರ ಅಂಗಳಕ್ಕಿಳಿದರೆ ಗಿಡ ಬೋಳು! ಅತ್ತೆ ನಸುಕಿನಲ್ಲೇ ಪೂಜೆಗೆಂದು ಹೂವೆಲ್ಲ ಕೊಯ್ದಿದ್ದರು.

"ಅತ್ತಿ, ನಾಕು ಹೂವರ ಬಿಡಬೇಕಿಲ್ಲೇನ್ರಿ?"

"ದೇವರಿಗೆ ಏರಿಸೂ ಹೂ ಹುಳಕ್ಕ ಬಿಡ್ಲೇನು?"

ಎರಡು ದಿನ ಮಾತಿಲ್ಲ. ಅದರ ಮುಂದಿನ ಭಾನುವಾರ ಅವರು ಸಿಟ್ಟಿನಿಂದ ಒಂದು ಹೂವನ್ನೂ ಮುಟ್ಟಲಿಲ್ಲ. ಗಿಡದ ತುಂಬ ಹೂವು, ಅದರ ತುಂಬ ಪತಂಗದ ಓಡಾಟ. ನಾನು ಈ ಹೂವಿಗೆ ಕ್ಯಾಮರಾ ತಿರುಗಿಸಿದರೆ ಅದು ಆ ಹೂವಿನಲ್ಲಿ. ನೂರಾರು ಫೋಟೋಗಳಲ್ಲಿ ಸಿಕ್ಕಿದ್ದು ಮಸುಕು ಮಸುಕು ಹಸಿರು, ಮತ್ತು ಒಮ್ಮೆ ನನ್ನದೇ ಚಪ್ಪಲಿ.

ಕಟ್ಟೆಯ ಮೇಲೆ ಬೇಳೆ ಆರಿಸುತ್ತಿದ್ದ ಅತ್ತೆಗೆ ನನ್ನ ಅವಸ್ಥೆ ನೋಡಿ ಕನಿಕರ ಬಂದಿರಬೇಕು. "ಅದರ ಹಿಂದ ನೀ ಯಾಕ ಓಡ್ತಿಯವಾ? ಮುಂದಿನ ವಾರ ಎಲ್ಲಾ ಹರಿದು ಒಂದ ಹೂ ಬಿಡ್ತೇನಿ. ನೀ ಅಲ್ಲೇ ಕುಂದರು. ಹಸದು ಬಂದದ್ದು ಮತ್ತೆಲ್ಲಿ ಹೋಗ್ತೈತಿ?"

ಗಣಿತ ಕಲಿಸುವ ನನಗೆ ಈ ಲೆಕ್ಕ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಆ ಒಂಟಿ ಹೂವಿಗೇ ಫೋಕಸ್ ಕೂಡಿಸಿ ಕಾದೆ. ಕಾಲು ಜೋಮು ಹಿಡಿಯಿತು. ಇರುವೆ ಕಚ್ಚಿತು. ಹತ್ತೂವರೆಗೆ ಗುಂಯ್! "ಬಂತು, ಬಂತು, ಒತ್ತು!" ಎಂದರು ಅತ್ತೆ. ಒತ್ತಿದೆ. ತೆರೆಯ ಮೇಲೆ ಪತಂಗ ನಿಚ್ಚಳವಾಗಿ ನಿಂತಿತ್ತು, ಹೂವಿನ ಒಡಲಿಗೆ ಇಳಿದ ನಾಲಿಗೆಯ ಸಮೇತ. ಅಂಗಳದಲ್ಲಿ ಕುಣಿದೇ ಬಿಟ್ಟೆ. ಅತ್ತೆ ಫೋಟೋ ನೋಡಿ, "ನನ್ನ ಹೂ ಭಾಳ ಚಲೋ ಬಂದೈತಿ ಬಿಡು" ಎಂದರು.

ಸೋಮವಾರ ಬಿರಾದಾರ ಮಾಸ್ತರು ಕನ್ನಡಕ ಏರಿಸಿ, ಇಳಿಸಿ ನೋಡಿದರು. "ತಪ್ಪಾತ್ರಿ ಮೇಡಮ್ಮರ. ಪತಂಗನ ಐತಿ" ಎಂದು, ದೊಡ್ಡ ಮನಸ್ಸಿನಿಂದ ತರಗತಿಗೂ ಅದನ್ನೇ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಅಂದು ಸುತ್ತುದಾರಿ ಹಿಡಿದು, ಊರಿಗೆಲ್ಲ ಮುಖ ತೋರಿಸುತ್ತ ಮನೆಗೆ ಬಂದೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಮಾಸ್ತರು, "ಮುದ್ದೇಬಿಹಾಳದಾಗ ಮಗಳ ಕುಬಸ ಐತಿ. ಫೋಟೋ ನೀವ ತೆಗೀಬೇಕ್ರಿ" ಎಂದರು. ಉಬ್ಬಿಹೋಗಿ ಒಪ್ಪಿದೆ. ಬಸುರಿ ಮಗಳನ್ನು ಹಸಿರು ಸೀರೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಆರತಿ ಎತ್ತಿದರು. ಇನ್ನೂರು ಫೋಟೋ ತೆಗೆದೆ. ಪ್ರತಿಯೊಂದರಲ್ಲೂ ಮುಡಿದ ಹೂವು ನಿಚ್ಚಳ, ಮುಖ ಮಸುಕು.

ಮಾಸ್ತರು ಎಲ್ಲವನ್ನೂ ತಾಳ್ಮೆಯಿಂದ ನೋಡಿ ಮುಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಮೇಡಮ್ಮರ, ನನ್ನ ಮಗಳು ಹಾರಲಿಲ್ಲಲ್ರೀ?"