ಹಿಮಕರಡಿಯ ಸಾಲಿನಲ್ಲಿ ನಮ್ಮ ಭಾವ

ಉತ್ತರದ ಕೊರೆಯುವ ಸಮುದ್ರದ ಮೇಲೆ ಹಿಮಕರಡಿಯೊಂದನ್ನು ನಿಲ್ಲಿಸಿ, "ಊಟ ಆಯ್ತಾ ಮಾರಾಯ?" ಎಂದು ಕನ್ನಡದಲ್ಲಿ ವಿಚಾರಿಸಿದ ಮೊದಲ ಮನುಷ್ಯ ಯಾರು? ಚರಿತ್ರೆಕಾರರು ಏನು ಬೇಕಾದರೂ ಬರೆದುಕೊಳ್ಳಲಿ, ಅದು ನಮ್ಮ ಭಾವ! ನನ್ನ ಅಕ್ಕನ ಗಂಡ, ಸೌದಿಯ ಥುಕ್ಬಾದಲ್ಲಿ ಎಸಿ ರಿಪೇರಿ ಮಾಡುವವರ ಸೂಪರ್‌ವೈಸರ್. ನಮ್ಮ ಮನೆ ಅವರ ಕಟ್ಟಡದ ಎದುರಿಗೇ ಇರುವುದರಿಂದ ಅವರ ಅವತಾರಗಳಿಗೆಲ್ಲ ನಾನು ಕಾಯಂ ಸಾಕ್ಷಿ.

ಬೇಸಿಗೆ ರಜೆಯಲ್ಲಿ ಎರಡೂ ಮನೆಯವರು ಸೇರಿ ನಾರ್ವೆಯ ಕಡೆ ಹಡಗಿನಲ್ಲಿ ಹೋಗುವುದೆಂದು ತೀರ್ಮಾನವಾಯಿತು. ಅವತ್ತೇ ಭಾವನ ತಾಲೀಮು ಶುರು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು. ಒಳಗೆ ಇವರು ಎಸಿಯನ್ನು ಹದಿನಾರಕ್ಕಿಳಿಸಿ, ಉಣ್ಣೆಯ ಕೋಟು, ಟೊಪ್ಪಿ, ಕೈಗವಸು ತೊಟ್ಟು ಟಿವಿ ನೋಡುತ್ತಿದ್ದರು! ಅಕ್ಕ ಶಾಲು ಹೊದ್ದು ನಡುಗುತ್ತಾ ಬಂಗುಡೆ ಹುರಿಯುತ್ತಿದ್ದಳು.

"ನಿಮ್ಗೆ ಮಂಡೆ ಸಮ ಉಂಟಾ?"

"ಅಭ್ಯಾಸ ಮಾರಾಯ್ತಿ! ಅಲ್ಲಿ ಒಮ್ಮೆಲೇ ಚಳಿ ಹಿಡಿದ್ರೆ ಎಂತ ಮಾಡುದು?"

ಲಗೇಜಿನ ತೂಕ ಉಳಿಸಲು ಮೂರು ಸ್ವೆಟರ್‌ಗಳನ್ನು ಒಂದರ ಮೇಲೊಂದು ಹಾಕಿಕೊಂಡೇ ವಿಮಾನ ನಿಲ್ದಾಣಕ್ಕೆ ಬಂದರು. ತಪಾಸಣೆಯವನು ಒಂದೊಂದೇ ಬಿಚ್ಚಿಸಿ "ಖಲಾಸ್?" ಎಂದು ಕೇಳುವುದು, ಇವರು "ಇನ್ನೊಂದುಂಟು" ಎಂದು ಹಲ್ಲು ಕಿರಿಯುವುದು. ನಮ್ಮ ಹಿಂದಿನ ಸಾಲು ದಮ್ಮಾಮಿನ ರಸ್ತೆಯವರೆಗೂ ಬೆಳೆದಿರಬೇಕು!

ಹಡಗಿನಲ್ಲಿ ಮಕ್ಕಳಿಗಾಗಿ ವೇಷಧಾರಿಗಳಿದ್ದರು. ಕ್ಯಾಪ್ಟನ್ ಟೊಪ್ಪಿಯ ಹಿಮಕರಡಿ, ಉದ್ದ ಕೋರೆಯ ವಾಲ್ರಸ್, ಕೆಂಪು ಕೊಕ್ಕಿನ ಒಂದು ಹಕ್ಕಿ. ಬೆಳಿಗ್ಗೆ ಹತ್ತಕ್ಕೆ ದೊಡ್ಡ ಹಜಾರಕ್ಕೆ ಬರುತ್ತಿದ್ದವು. ಮಕ್ಕಳು ಸಾಲಾಗಿ ಹೋಗಿ ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಸಾಲಿನಲ್ಲಿ ಆರು ವರ್ಷ, ಎಂಟು ವರ್ಷ, ಐದು ವರ್ಷ, ಆಮೇಲೆ ಐವತ್ತೆಂಟು ವರ್ಷದ ನಮ್ಮ ಭಾವ!

ಸಾಲು ನೋಡಿಕೊಳ್ಳುವ ಹುಡುಗಿ ನಯವಾಗಿ, "ನಿಮ್ಮ ಮಗು ಎಲ್ಲಿ ಸರ್?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನಾನೇ!" ಎಂದರು ಭಾವ.

ಫೋಟೋ ಬೇಡವಂತೆ. ಕರಡಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು, ಊಟ ಆಯ್ತಾ, ನೀರು ಕುಡಿದ್ಯಾ ಎಂದು ಅದರ ಕಿವಿಯಲ್ಲಿ ವಿಚಾರಿಸಿ, ಬುರೈದಾದ ಖರ್ಜೂರದ ಡಬ್ಬಿಯೊಂದನ್ನು ಅದರ ಪಂಜಕ್ಕೆ ತುರುಕಿ ಬಂದರು. ವೇಷದವರು ಮಾತಾಡಬಾರದೆಂಬ ನಿಯಮ. ಪಾಪದ ಕರಡಿ ತಲೆಯಾಡಿಸಿತು. ನನ್ನ ಮಗಳು ಮುಖ ಮುಚ್ಚಿಕೊಂಡಳು: "ಅಮ್ಮಾ, ದೊಡ್ಡಪ್ಪ ಈಸ್ ಸೋ ಎಂಬರಾಸಿಂಗ್!" ನಾನೂ ಅವರ ಪರಿಚಯವೇ ಇಲ್ಲದವಳಂತೆ ಕಿಟಕಿಯಾಚೆಯ ಹಿಮದ ಬೆಟ್ಟಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಮೂರನೆಯ ದಿನವೂ ಹೀಗೇ. ಭಾವನ ಸರದಿ ಬಂದಿತ್ತಷ್ಟೇ, ಅಪ್ಪಿಕೊಂಡವರು ಬಿಡಲೇ ಇಲ್ಲ. ಹಿಂದಿನ ಮಕ್ಕಳು ಗೊಣಗಿದರು. ಅಕ್ಕ "ಸಾಕು ಬನ್ನಿ!" ಎಂದು ಹಲ್ಲು ಕಡಿದಳು. ಆಗ ನೋಡಿದೆ, ಕರಡಿಯ ಮೊಣಕಾಲು ಮಡಚುತ್ತಿತ್ತು. ಭಾವ ಅದನ್ನು ಬೀಳದಂತೆ ಎತ್ತಿ ಹಿಡಿದಿದ್ದರು!

"ಯಲ್ಲಾ, ಯಲ್ಲಾ, ಬೇಗ! ವಾಟರ್! ಇವನಿಗೆ ತಲೆ ತಿರುಗ್ತಾ ಉಂಟು!"

ಹೊರಗೆ ಮೂಗು ಉದುರುವ ಚಳಿ, ಒಳಗೆ ಕರಡಿಗೆ ಸೆಕೆ! ಭಾವ ಅದನ್ನು ಹೆಗಲಿಗೆ ಆನಿಸಿಕೊಂಡು ಸಿಬ್ಬಂದಿಯ ಬಾಗಿಲಿನತ್ತ ನಡೆಸಿದರು. ಕರಡಿಯ ತಲೆ ಕಳಚುವುದು ಮಕ್ಕಳಿಗೆ ಕಾಣಬಾರದೆಂದು ತಮ್ಮ ಕೋಟನ್ನು ಪರದೆಯಂತೆ ಅಗಲಿಸಿ ಹಿಡಿದು ನಿಂತರು. ಒಳಗಿದ್ದವನು ತೆಳ್ಳಗಿನ ಒಬ್ಬ ಯುವಕ. ಎರಡು ಬಾಟಲಿ ನೀರು ಕುಡಿದ ಮೇಲೆ ಸುಧಾರಿಸಿಕೊಂಡನಂತೆ.

ಸಂಜೆ ಚಹಾ ಕುಡಿಯುತ್ತಾ ಕೇಳಿದೆ, "ಭಾವ, ಅವನಿಗೆ ಹುಷಾರಿಲ್ಲ ಅಂತ ನಿಮ್ಗೆ ಹೇಗೆ ಗೊತ್ತಾಯ್ತು?"

"ನಾನು ಕೋಳಿ ಆಗಿದ್ದೆ ಅಲ್ವಾ," ಎಂದರು.

"ಕೋಳಿಯಾ?!"

"ಸೌದಿಗೆ ಬಂದ ಮೊದಲ ವರ್ಷ. ಥುಕ್ಬಾದಲ್ಲಿ ಒಂದು ಚಿಕನ್ ಅಂಗಡಿ ಹೊಸ್ತು ತೆರೆದಿತ್ತು. ಬಾಗಿಲಲ್ಲಿ ಕೋಳಿ ವೇಷ ಹಾಕಿ ಕೈ ಬೀಸುವ ಕೆಲ್ಸ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಗಳಂತೂ ಚಹಾ ಚೆಲ್ಲಿಕೊಂಡಳು. ಭಾವನೂ ನಕ್ಕರು.

"ಸೆಕೆ ಬಿಡು, ಅದು ಅಭ್ಯಾಸ ಆಗ್ತದೆ. ಒಂದು ದಿನ ಒಂದು ಸಣ್ಣ ಹುಡುಗಿ ಓಡಿ ಬಂದು ನನ್ನನ್ನು ಗಟ್ಟಿ ಹಿಡ್ಕೊಂಡ್ಳು. ಊರು ಬಿಟ್ಟು ಹತ್ತು ತಿಂಗಳಾಗಿತ್ತು. ಅಷ್ಟು ದಿನ ನನ್ನನ್ನು ಯಾರೂ ಮುಟ್ಟಿಯೇ ಇರ್ಲಿಲ್ಲ ನೋಡು. ಕೋಳಿಯ ಒಳಗೇ ಅತ್ತುಬಿಟ್ಟೆ. ಹೊರಗಿನವರಿಗೆ ಎಂತ ಗೊತ್ತಾಗ್ತದೆ?"

ಇಷ್ಟು ವರ್ಷದಲ್ಲಿ ಅಕ್ಕನಿಗೂ ಇದನ್ನವರು ಹೇಳಿರಲಿಲ್ಲ. ನಮ್ಮೆದುರು ಎಂದೂ ಗಂಡನಿಗೆ ಒತ್ತಿ ಕೂತವಳಲ್ಲ ಅವಳು. ಲೋಟ ಕೆಳಗಿಟ್ಟು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಭಾವನ ಕೈಯನ್ನು ತನ್ನ ಎರಡೂ ಕೈಗಳೊಳಗೆ ತೆಗೆದುಕೊಂಡಳು.