ಅಲೆ, ಹಲಗೆ ಮತ್ತು ಅತ್ತೆಯವರ ಸ್ನಾನ

ಬರುವ ಭಾನುವಾರ ನಾನು ಸಮುದ್ರದ ಮೇಲೆ ಎದ್ದು ನಿಲ್ಲುವುದು ಶತಃಸಿದ್ಧ ಎಂದು ಊಟದ ಮೇಜಿನ ಮುಂದೆ ಘೋಷಿಸಿದೆ! ನನ್ನವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಮೊದಲು ಸ್ಟೂಲ್ ಮೇಲೆ ಎದ್ದು ನಿಂತು ಬಚ್ಚಲುಮನೆ ಬಲ್ಬ್ ಹಾಕಿ. ಸುಟ್ಟುಹೋಗಿ ಎಷ್ಟು ದಿನ ಆಯ್ತು!”

“ಮಹತ್ಕಾರ್ಯದ ಮಧ್ಯೆ ಬಲ್ಬಿನ ಮಾತೇಕೆ?”

“ಮಹತ್ಕಾರ್ಯ ಹಾಲ್ ತುಂಬ ಮಲಗಿದೆ, ಅದಕ್ಕೆ!”

ಮಲಗಿದ್ದದ್ದು ನನ್ನ ಲಾಂಗ್‌ಬೋರ್ಡ್. ಅಲೆ ಬಂದಾಗ ಅದರ ಮೇಲೆ ಎದ್ದು ನಿಂತು ದಡದವರೆಗೆ ಸವಾರಿ ಮಾಡುವ, ನನಗಿಂತ ಬಹಳ ಉದ್ದದ ಹಲಗೆ. ಅದು ಬಂದ ವಾರವೇ ಅತ್ತೆಯವರೂ ಬಂದರು. ಅವರ ಮಂಚ ಹಾಕಬೇಕಾದ ಜಾಗದಲ್ಲಿ ಹಲಗೆ ಇದ್ದದ್ದರಿಂದ ಪಾಪ, ಸೋಫಾದ ಮೇಲೆ ಮುದುರಿಕೊಂಡು ಮಲಗುತ್ತಿದ್ದರು. ಕೊನೆಗೆ ಒಪ್ಪಂದವಾಯಿತು. ಭಾನುವಾರ ನಾನು ಒಂದೇ ಒಂದು ಅಲೆಯ ಮೇಲೆ ನಿಂತರೆ ಹಲಗೆ ಮನೆಯಲ್ಲಿರುತ್ತದೆ, ಇಲ್ಲದಿದ್ದರೆ ಮಾರಾಟ.

“ನಿಂತ್ರೋ ಬಿದ್ರೋ, ನನಗೆ ಹೇಗೆ ಗೊತ್ತಾಗಬೇಕು?”

“ನನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ ಬಿಡೆ!”

ನಿಜ ಹೇಳಬೇಕೆಂದರೆ ನನ್ನನ್ನು ಕಡಲಿಗೆ ಎಳೆದದ್ದು ಅಲೆಯಲ್ಲ, ಕುತೂಹಲ. ಕಚೇರಿಯಲ್ಲಿ ನೌಕರರಿಗೆ ದರ್ಜೆ ಹಾಕುವುದು ನನ್ನ ಕೆಲಸ. ಇವರು ಉತ್ತಮ, ಇವರು ಸಾಧಾರಣ, ಇವರು ಸುಧಾರಿಸಬೇಕು. ಕಡಲತೀರದಲ್ಲೂ ಕಣ್ಣು ಸುಮ್ಮನಿರಲಿಲ್ಲ. ಅಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವರು ದಡದ ಪಂಡಿತರು. ಕೈಕಟ್ಟಿ ನಿಂತು, “ಇವತ್ತು ಗಾಳಿ ಸರಿಯಿಲ್ಲ” ಎಂದು ತಲೆಯಾಡಿಸುತ್ತಾರೆ. ಗಾಳಿ ಸರಿಯಿದ್ದ ದಿನ ಅವರ ಮಂಡಿ ಸರಿಯಿರುವುದಿಲ್ಲ! ಹೊಸಬರು ಬಿದ್ದಾಗಲೆಲ್ಲ “ಸಾರಿ” ಹೇಳುತ್ತಾರೆ, ಎದುರಿಗೆ ಯಾರೂ ಇಲ್ಲದಿದ್ದರೆ ನೀರಿಗೇ ಹೇಳುತ್ತಾರೆ. ಕಳೆದ ವರ್ಷವಷ್ಟೇ ನಿಲ್ಲಲು ಕಲಿತವರದು ಮಾತ್ರ ದೂರ್ವಾಸರ ವಂಶ. ಅಲೆ ತಮ್ಮದು, ಸಮುದ್ರ ತಮ್ಮದು, ಉಳಿದವರೆಲ್ಲ ಅಡ್ಡಿ. ಇವರ ಪೈಕಿ ಒಬ್ಬ ಎಲ್ಲರಿಗೂ ಬೇಡದ ಪಾಠ ಹೇಳುತ್ತಿದ್ದುದರಿಂದ ಅವನಿಗೆ ಮೇಷ್ಟ್ರು ಎಂದು ಹೆಸರು.

ಮತ್ತೆ ಟೋಪಿ ಅಜ್ಜ. ಬಣ್ಣ ಮಾಸಿದ ಟೋಪಿ, ಅದಕ್ಕಿಂತ ಮಾಸಿದ ಹಲಗೆ. ಅಲೆಯ ಮೇಲೆ ಎದ್ದು, ಮನೆಯ ಪಡಸಾಲೆಯಲ್ಲಿ ಓಡಾಡುವ ಹಾಗೆ ಹಲಗೆಯ ತುದಿಯವರೆಗೆ ನಡೆದುಹೋಗಿ ನಿಲ್ಲುತ್ತಿದ್ದರು. ಯಾರಾದರೂ ಅಡ್ಡ ಬಂದರೆ ನಕ್ಕು ಅಲೆಯನ್ನೇ ಬಿಟ್ಟುಕೊಡುತ್ತಿದ್ದರು. ಬಲ್ಲವರು ಬಾಯಿ ಬಿಡದಿರುವಾಗ ಅರ್ಧ ಬಲ್ಲವರು ಯಾಕಿಷ್ಟು ಕೂಗಾಡುತ್ತಾರೆ? ನಾನು ಯಾವ ದರ್ಜೆಗೆ ಸೇರುತ್ತೇನೆ? ಇದು ನನ್ನ ನಿದ್ದೆ ಕೆಡಿಸಿತ್ತು.

ಹಲಗೆ ಏರುವ ಮೊದಲು ಅದರ ಮೇಲ್ಮೈಗೆ ಮೇಣ ತಿಕ್ಕಬೇಕು. ಕಾಲು ಜಾರದಂತೆ ಹಿಡಿದುಕೊಳ್ಳುವುದು ಅದೇ. ಅಂಗಡಿಯಲ್ಲಿ ಸಿಗುವ ಮೇಣದ ಬಿಲ್ಲೆ ಗಾತ್ರದಲ್ಲಿ, ಆಕಾರದಲ್ಲಿ, ಘಮದಲ್ಲಿ ಥೇಟ್ ಸೋಪು! ಶನಿವಾರ ಹಲಗೆ ತೊಳೆದ ಮೇಲೆ ಆ ಬಿಲ್ಲೆಯನ್ನು ಬಚ್ಚಲುಮನೆಯ ಗೂಡಿನಲ್ಲೇ ಇಟ್ಟಿದ್ದೆ. ಇದನ್ನು ನೀವು ನೆನಪಿಟ್ಟುಕೊಳ್ಳಿ, ನಾನು ಇಟ್ಟುಕೊಳ್ಳಲಿಲ್ಲ.

ಭಾನುವಾರ ಬೆಳಕು ಹರಿಯುವ ಮುಂಚೆ ಎದ್ದೆ. ಬಚ್ಚಲುಮನೆಯಲ್ಲಿ ಕಗ್ಗತ್ತಲೆ. ಗೂಡಿನಲ್ಲಿ ತಡಕಾಡಿ ಕೈಗೆ ಸಿಕ್ಕಿದ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡೆ. ದಡದಲ್ಲಿ ಕೂತು ತಿಕ್ಕಿದರೆ ಆಹಾ, ಯಾವಾಗಲೂ ತಡೆತಡೆದು ಸಾಗುತ್ತಿದ್ದದ್ದು ಇಂದು ಬೆಣ್ಣೆಯಂತೆ ಸಾಗುತ್ತಿದೆ! ಕೈ ಪಳಗಿತು ಎಂದುಕೊಂಡು ಇನ್ನೆರಡು ಪದರ ಹೆಚ್ಚಿಗೆ ತಿಕ್ಕಿದೆ.

ಅಲೆ ಬಂತು. ಎದ್ದೆ. ಎದ್ದೆನೋ ಇಲ್ಲವೋ, ಹಲಗೆ ನನ್ನನ್ನು ಉಗುಳಿತು! ಮತ್ತೆ ಹತ್ತಿದೆ, ಮತ್ತೆ ಜಾರಿದೆ. ಬರಬರುತ್ತ ಕೂತರೂ ಜಾರತೊಡಗಿದೆ.

“ಸೊಂಟ ಕೆಳಗೆ! ದೃಷ್ಟಿ ಮುಂದೆ! ನಿಮಗೆ ಬ್ಯಾಲೆನ್ಸೇ ಇಲ್ಲ ಸಾರ್!” ಮೇಷ್ಟ್ರು ಕೂಗಿದ.

“ಇವತ್ತು ನೊರೆ ಜಾಸ್ತಿ, ಹವಾಮಾನ ಕೆಡುತ್ತೆ,” ದಡದ ಪಂಡಿತರು ತೀರ್ಪು ಕೊಟ್ಟರು.

ನೊರೆ ನಿಜಕ್ಕೂ ಜಾಸ್ತಿಯಿತ್ತು, ನನ್ನ ಸುತ್ತ ಮಾತ್ರ. ಟೋಪಿ ಅಜ್ಜ ಮೆಲ್ಲಗೆ ಹತ್ತಿರ ಬಂದು, ನನ್ನ ಹಲಗೆಯ ಮೇಲೆ ಬೆರಳಾಡಿಸಿ, ಮೂಸಿ ನೋಡಿದರು.

“ಗುಲಾಬಿ. ಒಳ್ಳೇ ಸೋಪು.”

“ಸೋಪಾ?!”

“ಬೇಜಾರು ಮಾಡ್ಕೋಬೇಡಿ, ಇದರ ಮೇಲೆ ನಾನೂ ನಿಲ್ಲಕ್ಕಾಗಲ್ಲ.” ಎಂಥ ದೊಡ್ಡ ಮನಸ್ಸು! ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. “ಹಾಗಾದ್ರೆ ಮೇಣ ಎಲ್ಲಿದೆ?” ಎಂದು ಕೇಳಿಬಿಟ್ಟರು.

ಬಚ್ಚಲುಮನೆಯ ಗೂಡಿನಲ್ಲಿ! ಅತ್ತೆಯವರು ಬೆಳಗಾಗುತ್ತಲೇ ಸ್ನಾನ ಮಾಡುವವರು! ಹಲಗೆ ಹೊತ್ತು, ದಾರಿಹೋಕರನ್ನು ಎರಡೂ ಕಡೆಗೆ ಚದುರಿಸುತ್ತ ಮನೆಗೆ ಓಡಿದೆ.

ಹಾಲ್‌ನಲ್ಲಿ ಅತ್ತೆಯವರು ಕುರ್ಚಿಯ ಮೇಲೆ ಕೂತಿದ್ದರು. ಟವೆಲ್ಲು ಭುಜಕ್ಕೆ ಅಂಟಿತ್ತು, ಕೂದಲು ಕತ್ತಿಗೆ ಅಂಟಿತ್ತು. ನನ್ನವಳು ಎಣ್ಣೆ ಹಚ್ಚಿ ಹಚ್ಚಿ ಬಿಡಿಸುತ್ತಿದ್ದಳು.

“ಎಂಥ ಸೋಪು ಅಳಿಯಂದಿರೇ ಅದು? ತಿಕ್ಕಿದಷ್ಟೂ ನೊರೆ ಬರಲ್ಲ, ನೀರು ಹಾಕಿದ್ರೆ ಮೈಮೇಲೆ ನಿಲ್ಲಲ್ಲ! ಹಿಮ್ಮಡಿ ಒಡೆದಿದೆ ಅಂತ ಪಾದಕ್ಕೆ ಬೇರೆ ಜಾಸ್ತಿ ತಿಕ್ಕಿಬಿಟ್ಟೆ.”

“ತಪ್ಪಾಯ್ತು ಅತ್ತೆ. ಬಲ್ಬ್ ಇದ್ದಿದ್ರೆ...”

“ಇದ್ದಿದ್ರೆ!” ನನ್ನವಳು ಅಲ್ಲಿಗೇ ತಡೆದಳು. ನನ್ನ ಮುಖ ನೋಡಿದಳು. “ನಿಲ್ಲಲಿಲ್ಲ, ಅಲ್ವಾ?”

“ಇಲ್ಲ.”

“ಹಲಗೆ ನಾಳೆ ಹೊರಗೆ.”

ತಲೆ ಬಗ್ಗಿಸಿ ಹಲಗೆಯನ್ನು ಅದರ ಎಂದಿನ ಜಾಗದಲ್ಲಿ, ನೆಲಕ್ಕೆ ತಾಗದಂತೆ ಹಾಸಿದ್ದ ದಿಂಬುಗಳ ಮೇಲೆ ಮಲಗಿಸಿದೆ. ನಗಬೇಡಿ, ನಿಜವಾಗಿ ದುಃಖವಾಯಿತು. ಇಷ್ಟಾದರೂ ನಾನು ಯಾವ ದರ್ಜೆ ಎಂಬುದು ತಿಳಿಯಲೇ ಇಲ್ಲವಲ್ಲ!

ಅಷ್ಟರಲ್ಲಿ ಅತ್ತೆಯವರು ಎದ್ದು ಬಂದು ಹಲಗೆಯನ್ನು ದಿಟ್ಟಿಸಿದರು. ಸೆರಗು ಬಿಗಿದು, ಒಂದು ಕಾಲಿಟ್ಟರು.

“ಅತ್ತೆ, ಬೇಡ! ಅದರ ತುಂಬ ಸೋಪಿದೆ, ಜಾರುತ್ತೆ!”

ಇನ್ನೊಂದು ಕಾಲೂ ಇಟ್ಟರು. ಹಲಗೆ ದಿಂಬುಗಳ ಮೇಲೆ ಓಲಾಡಿತು, ಅತ್ತೆಯವರು ಅಲುಗಲಿಲ್ಲ. ಮಂಡಿ ಬಗ್ಗಿಸಿ, ಕೈ ಚಾಚಿ, ಮೇಣ ಅಂಟಿದ ಪಾದಗಳಲ್ಲಿ ಗಟ್ಟಿಯಾಗಿ ನಿಂತೇಬಿಟ್ಟರು! ಅವರ ಮುಖದಲ್ಲಿ ಅರಳಿದ ಸಂತೋಷ ನೋಡಿ ನನ್ನವಳ ಕೈಯ ಎಣ್ಣೆ ಬಟ್ಟಲು ಹಾಗೇ ನಿಂತಿತು.

“ಏನೇ, ಹಲಗೆ ಮಾರಬೇಡ ಕಣೆ. ನನಗೆ ಸೋಫಾನೇ ಸಾಕು. ಮುಂದಿನ ಭಾನುವಾರ ಇದನ್ನ ತಗೊಂಡು ನಾನು ನೀರಿಗೆ ಇಳೀತೀನಿ.”

“ಮತ್ತೆ ಇವರು?” ನನ್ನವಳು ನನ್ನತ್ತ ಬೊಟ್ಟು ಮಾಡಿದಳು.

ಅತ್ತೆಯವರು ಹಲಗೆಯ ಮೇಲಿಂದಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ದರ್ಜೆ ಹಾಕಿದರು.

“ಅಳಿಯಂದಿರಿಗೆ ಬೇಕಾಗಿದ್ದು ನಿಲ್ಲೋದು ತಾನೆ? ದಡದಲ್ಲಿ ನಿಂತು ನನ್ನ ಚಪ್ಪಲಿ ಕಾಯ್ಲಿ!”